ಕಿಟಕಿಯ ಹೊರಮೈ

ಹರಿಹರದ ಆ ಮನೆಯಿಂದ ಫೋನು ಬಂದಾಗ ದೀಪಾವಳಿ ಕಳೆದು ಹತ್ತು ದಿನವಾಗಿತ್ತು. ಮಾತಾಡಿದ್ದು ಮನೆಯ ಯಜಮಾನರಲ್ಲ, ಅಲ್ಲಿ ಕೆಲಸಕ್ಕಿದ್ದ ಹೆಂಗಸು. ಕಿಟಕಿ ಕೂರಿಸುವಾಗ ನಾಲ್ಕು ದಿನ ನನಗೆ ಚಹಾ ಮಾಡಿಕೊಟ್ಟವಳು. ಅಷ್ಟೇ ಪರಿಚಯ.

“ಅಕ್ಕಾರೆ, ಒಂದ್ಸಲ ಬಂದು ನೋಡ್ಕಂಡ್ ಹೋಗ್ರಿ,” ಅಂದಳು.

“ಯಾಕವ್ವ, ಗಾಜು ಬಿರುಕು ಬಿಡ್ತೇನು?”

“ಗಾಜಿಗೇನಾಗಿಲ್ರಿ, ಚೆನ್ನಾಗೈತೆ. ನೀವು ಬರ್ರಿ. ಫೋನ್ನಾಗೆ ಹೇಳಾಕೆ ಬರಂಗಿಲ್ಲ.”

ಗಾಜಿಗೆ ಏನೂ ಆಗಿಲ್ಲವೆಂದಮೇಲೆ ನನ್ನ ಮನಸ್ಸು ಹಗುರಾಯಿತು. ಬೇರೆ ಕೆಲಸವಿತ್ತು, ಒಂದು ವಾರ ತಡಮಾಡಿ ಹೋದೆ. ಆ ಒಂದು ವಾರವನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ನಾನು ಗಾಜಿನ ಕೆಲಸದವಳು. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮಪ್ಪನದು ಗಾಜು ಕತ್ತರಿಸಿ ಕೊಡುವ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೊ, ತೀರಿಕೊಂಡವರ ಫೋಟೊ ಎಲ್ಲವೂ ಒಂದೇ ಗೋಡೆಗೆ ಒರಗಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದವು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಅಪ್ಪ ಕಟರಿನ ಗಾಲಿಯನ್ನು ಸೀಮೆಎಣ್ಣೆಗೆ ಅದ್ದಿ, ಒಂದೇ ಉಸಿರಿಗೆ ಗೀರೆಳೆದು, ಗಾಜನ್ನು ಮೇಜಿನ ಅಂಚಿಗೆ ತಂದು ಮೆಲ್ಲಗೆ ಒತ್ತಿದರೆ ಅದು ಖಡಕ್ ರೊಟ್ಟಿ ಮುರಿದ ಹಾಗೆ ಎರಡಾಗುತ್ತಿತ್ತು. “ಗೀರೋದು ಒಂದೇ ಸಲ. ಎರಡ್ನೇ ಸಲ ಕೈಯಾಡಿಸಿದ್ರೆ ಗಾಜು ತನಗೆ ತಿಳಿದಂಗೆ ಒಡೀತದೆ,” ಅನ್ನುತ್ತಿದ್ದರು. ಮಿಕ್ಕ ಚೂರುಗಳನ್ನು ನಾನು ಆರಿಸಿಕೊಂಡು, ಅಂಚು ಉಜ್ಜಿ, ಮೀನು ಮಾಡುತ್ತಿದ್ದೆ, ಕಪ್ಪೆ ಮಾಡುತ್ತಿದ್ದೆ. ಅಪ್ಪ ಬಯ್ಯಲಿಲ್ಲ. ಹೊಗಳಲೂ ಇಲ್ಲ. ಒಮ್ಮೆ ಮಾತ್ರ ಒಂದು ಮೀನನ್ನು ಬೆಳಕಿಗೆ ಹಿಡಿದು ನೋಡಿ, ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡರು.

ಮದುವೆಯಾಗಿ ಅದೇ ಊರಿನ ವಿನೋಬನಗರಕ್ಕೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಆನೆಕೊಂಡದ ಹತ್ತಿರ ಒಂದು ಶೆಡ್ ಹಿಡಿದು, ಗಾಜನ್ನು ಕೊರೆಯುವುದು, ಬಣ್ಣದ ಗಾಜನ್ನು ಕುಲುಮೆಯಲ್ಲಿ ಕರಗಿಸಿ ಬೆಸೆಯುವುದು ಎಲ್ಲವನ್ನೂ ಕೆಡಿಸಿ ಕೆಡಿಸಿಯೇ ಕಲಿತೆ. ನಾನು ಮಾಡುತ್ತಿದ್ದುದು ಸುತ್ತಲಿನ ಜೀವಗಳನ್ನು. ತುಂಗಭದ್ರೆಯ ನೀರುನಾಯಿ, ಕುಕ್ಕುವಾಡದ ಗದ್ದೆಗಳಲ್ಲಿ ಇಳಿಯುವ ಬೆಳ್ಳಕ್ಕಿ, ನಾನು ಚಿಕ್ಕವಳಿದ್ದಾಗ ಹೊಳೆಯಲ್ಲಿ ಸಿಗುತ್ತಿದ್ದು ಈಗ ಮೀನುಗಾರರ ಬಾಯಲ್ಲಿ ಮಾತ್ರ ಉಳಿದಿರುವ ಮೀನುಗಳು. ಶಾಲೆ ಕಾಲೇಜುಗಳಿಗೆ ಕರೆದು ಭಾಷಣ ಮಾಡಿಸುತ್ತಿದ್ದರು. “ಕಣ್ಣಿಗೆ ಚೆಂದ ಕಂಡದ್ದನ್ನು ಮನುಷ್ಯ ಪ್ರೀತಿಸುತ್ತಾನೆ, ಪ್ರೀತಿಸಿದ್ದನ್ನು ಉಳಿಸಿಕೊಳ್ಳುತ್ತಾನೆ. ನನ್ನ ಗಾಜು ಮಾಡುವ ಕೆಲಸ ಅಷ್ಟೇ,” ಎಂದು ನಾನು ಮೈಕಿನ ಮುಂದೆ ನಿಂತು ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ನಾನೂ ಅದನ್ನು ನಂಬಿದ್ದೆ.

ಹರಿಹರದ ಮನೆಯವರು ನನ್ನನ್ನು ಹುಡುಕಿಕೊಂಡು ಬಂದದ್ದು ಆ ಹೆಸರಿನಿಂದಲೇ. ಅಕ್ಕಿ ಗಿರಣಿಯ ಯಜಮಾನರು, ಊರ ಹೊರಗೆ ಹೊಳೆದಂಡೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಹಿಂದೆ ಬೇವು, ಹೊಂಗೆ, ಒಂದು ದೊಡ್ಡ ಅತ್ತಿಮರ, ಅದರಾಚೆ ನೀರು. ನಡುಮನೆಗೆ ಹೊಳೆಯ ಕಡೆ ಒಂದು ಕಿಟಕಿ. ಅವರ ನಕ್ಷೆಯಲ್ಲಿ ಅದು ಸರಳು ಹಾಕಿದ, ಆರು ರೆಕ್ಕೆಯ ಮಾಮೂಲು ಕಿಟಕಿ. ಅದನ್ನು ಬದಲಿಸಿದವಳು ನಾನು.

“ಸರಳು ಬ್ಯಾಡ್ರಿ ಅಣ್ಣಾರೆ,” ಅಂದೆ. “ನೆಲದಿಂದ ಮೇಲಿನ ತೊಲೆತನಕ ಗಾಜೇ ಇರಲಿ. ಕೆಳಗೆ ನಾನು ಜೊಂಡು, ಮಿಂಚುಳ್ಳಿ, ನೀರುನಾಯಿ ಕೊರೀತೀನಿ. ಮೇಲೆ ಏನೂ ಬ್ಯಾಡ. ಮೇಲಿಂದು ಹೊಳೆನೇ ಬರ್ಕೊಳ್ಳಲಿ.”

ಅವರ ತಾಯಿ ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಟವೆಲು ಹಾಸಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ಅಜ್ಜಿ, ಹಣೆತುಂಬ ವಿಭೂತಿ. “ಸರಳಿಲ್ದ ಕಿಟಕಿ ಎಂಥಾ ಕಿಟಕಿ ತಂಗಿ? ಅದು ಗ್ವಾಡೆನೂ ಅಲ್ಲ, ಬಾಗಿಲೂ ಅಲ್ಲ,” ಅಂದರು. ನಾನೂ ಯಜಮಾನರೂ ನಕ್ಕೆವು.

ಐದು ತಿಂಗಳು ಆ ಕೆಲಸ ಮಾಡಿದೆ. ಎತ್ತರದ ಮೂರು ಗಾಜಿನ ಹಾಳೆಗಳು. ಧೂಳು ಕೂರಬಾರದೆಂದು ಚಿತ್ರವನ್ನು ಒಳಮೈಗೆ ಕೊರೆದೆ. ಹೊರಮೈ ಕನ್ನಡಿಯಷ್ಟು ನುಣುಪು. ಗೃಹಪ್ರವೇಶದ ದಿನ ಬಂದವರೆಲ್ಲ ಊಟದೆಲೆ ಬಿಟ್ಟು ಕಿಟಕಿಯ ಮುಂದೆ ನಿಂತರು. ಒಬ್ಬರು ಚಪ್ಪಲಿ ಬಿಟ್ಟು ನೀರಿಗಿಳಿಯುವವರ ಹಾಗೆ ಪಂಚೆ ಎತ್ತಿ ತಮಾಷೆ ಮಾಡಿದರು. ನನ್ನ ಬದುಕಿನಲ್ಲಿ ಅಷ್ಟು ಸಂತೋಷವಾದ ದಿನಗಳು ಕಡಿಮೆ.

ಬಸ್ಸಿಳಿದು ಆಟೊದಲ್ಲಿ ಆ ಮನೆ ಮುಟ್ಟುವಷ್ಟರಲ್ಲಿ ಬೆಳಗಿನ ಒಂಬತ್ತಾಗಿತ್ತು. ಕೆಲಸದಾಕೆ ನನ್ನನ್ನು ಮುಂಬಾಗಿಲಿಗೆ ಬಿಡದೆ, ಸುತ್ತು ಹಾಕಿಸಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಒಂದು ಮೊರ, ಮೇಲೆ ಹಳೆಯ ರವಿಕೆ ಬಟ್ಟೆ ಮುಚ್ಚಿತ್ತು. ಬಟ್ಟೆ ತೆಗೆದಳು.

ಐದು ಹಕ್ಕಿ. ಎರಡು ಪಿಕಳಾರ, ಹೆಬ್ಬೆರಳಿನಷ್ಟು ಒಂದು ಸೂರಕ್ಕಿ, ಹೊಟ್ಟೆಯಡಿ ಕುಂಕುಮದ ಕೆಂಪಿದ್ದ ಒಂದು ನವರಂಗ, ಮತ್ತೊಂದು ಮಿಂಚುಳ್ಳಿ. ಮಿಂಚುಳ್ಳಿಯ ಕತ್ತು ಒಂದು ಕಡೆಗೆ ವಾಲಿತ್ತು. ಬೆನ್ನಿನ ನೀಲಿ ಇನ್ನೂ ಹೊಳೆಯುತ್ತಿತ್ತು.

“ಇದು ಈ ವಾರದ್ದು ಅಷ್ಟೇ, ನಿಮಗೆ ತೋರ್ಸಾಕೆ ಇಟ್ಟಿದ್ದೆ,” ಅಂದಳು. “ಮೊದ್ಲು ಬೆಕ್ಕು ಹಿಡಿದು ಬಿಸಾಕೈತೆ ಅನ್ಕಂಡಿದ್ದೆ. ಆಮೇಲೆ ಒಂದಿನ ನನ್ನೆದುರಿಗೇ ಬಂದು ಗಾಜಿಗೆ ಬಡೀತು. ದಿನಾ ಕಸ ಹೊಡಿಯೋಕೆ ಮುಂಚೆ ಆರಿಸ್ಕಂಡು ನುಗ್ಗೆಗಿಡದ ಬುಡಕ್ಕೆ ಹೂಳ್ತಿದ್ದೆ. ಯಾರಿಗೂ ಹೇಳಿಲ್ಲ.”

“ಯಾವಾಗಿಂದ?”

“ಗೃಹಪ್ರವೇಶ ಆದಾಗಿಂದಾನೂ.”

ನಾನು ನುಗ್ಗೆಗಿಡದ ಕಡೆ ನೋಡಿದೆ. ಬುಡದ ಮಣ್ಣು ಅಲ್ಲಲ್ಲಿ ಅಗೆದು ಮುಚ್ಚಿದ ಹಾಗಿತ್ತು.

ನಾನು ಕೂಡಲೇ ಮನೆಯೊಳಗೆ ಹೋಗಲಿಲ್ಲ. ಹಿತ್ತಲಲ್ಲಿ ಅತ್ತಿಮರದ ಕೆಳಗೆ ಕೂತು ಕಿಟಕಿಯನ್ನು ನೋಡಿದೆ. ಐದು ತಿಂಗಳು ಮಾಡಿದ ಕೆಲಸವನ್ನು ಹೊಳೆಯ ಕಡೆಯಿಂದ, ಬೆಳಗಿನ ಬೆಳಕಿನಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಒಳಗಿನಿಂದ ನೋಡುವವರಿಗಾಗಿಯೇ ಅದನ್ನು ಮಾಡಿದ್ದೆ. ಹೊರಗಿನಿಂದ ನೋಡಿದರೆ ನಾನು ಕೊರೆದ ಜೊಂಡೂ ಇಲ್ಲ, ನೀರುನಾಯಿಯೂ ಇಲ್ಲ. ಅತ್ತಿಮರವಿತ್ತು, ಬೇವಿತ್ತು, ಆಕಾಶವಿತ್ತು. ಗೋಡೆಯ ನಡುವೆ ಇನ್ನೊಂದು ತೋಟ ತೆರೆದುಕೊಂಡ ಹಾಗೆ. ನಾನು ಹಕ್ಕಿಯಾಗಿದ್ದರೆ ಅಲ್ಲಿಗೇ ಹಾರುತ್ತಿದ್ದೆ.

ಅರ್ಧ ಗಂಟೆಯಾಗಿರಬೇಕು. ಅತ್ತಿಹಣ್ಣು ತಿನ್ನುತ್ತಿದ್ದ ಹೆಣ್ಣು ಕೋಗಿಲೆಯೊಂದು ನನ್ನ ತಲೆಯ ಮೇಲಿನಿಂದ ನೇರವಾಗಿ ಹಾರಿತು. ದೊಪ್ಪನೆಯ ಸದ್ದು. ಪುಸ್ತಕವನ್ನು ನೆಲಕ್ಕೆ ಬೀಳಿಸಿದಂಥ ಸದ್ದು. ನಾನು ಓಡಿಹೋಗಿ ಕೈಗೆತ್ತಿಕೊಂಡೆ. ಕೊಕ್ಕು ಎರಡು ಸಲ ತೆರೆದು ಮುಚ್ಚಿತು, ಆಮೇಲೆ ಬಿಸಿ ಮಾತ್ರ ಉಳಿಯಿತು. ತಲೆಯೆತ್ತಿದರೆ ಗಾಜಿನ ಮೇಲೆ ರೆಕ್ಕೆ ಬಿಚ್ಚಿದ ಆಕಾರದಲ್ಲಿ ತೆಳ್ಳನೆಯ ಪುಡಿ ಅಂಟಿತ್ತು. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ನನ್ನ ಯಾವ ಕೊರೆತವೂ ಅಷ್ಟು ನಿಖರವಾಗಿ ಬಂದದ್ದಿಲ್ಲ ಎಂಬ ಯೋಚನೆ ಆ ಗಳಿಗೆಯಲ್ಲೂ ನನ್ನ ತಲೆಗೆ ಬಂತು. ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಜ್ಜಿಗೆ ಹೇಳಲೇಬೇಕಾಯಿತು. ಅವರು ದಿನಾ ಆ ಕಿಟಕಿಯ ಮುಂದೆಯೇ ಕೂತು ಲಿಂಗಪೂಜೆ ಮಾಡುತ್ತಿದ್ದರು. ಪೂಜೆ ಮುಗಿಸಿ ಕೂತಿದ್ದವರ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಕೆಲಸದಾಕೆಯನ್ನು ನೋಡಿದರು.

“ನಂಗ್ಯಾಕ ಹೇಳ್ಲಿಲ್ಲ ನೀನು?”

“ಹೊಸಾ ಮನಿ ಅಲ್ಲೇನ್ರಿ ಅಮ್ಮಾರೆ. ಅಪಶಕುನ ಅಂತ ಬ್ಯಾಸ್ರ ಮಾಡ್ಕಂತೀರಿ ಅಂತ.”

ಅಜ್ಜಿ ಕಿಟಕಿಯ ಕಡೆ ತಿರುಗಿದರು. “ನಂಗೆ ಸಪ್ಳ ಕೇಳ್ಸೋದು,” ಅಂದರು. “ದಿನಾ ಕೇಳ್ಸೋದು. ಕಣ್ಣು ಮುಚ್ಕಂಡು ಕುಂತಿರ್ತಿದ್ನಲ್ಲ. ಅತ್ತಿಹಣ್ಣು ಉದುರ್ತವೆ ಅನ್ಕಂಡಿದ್ದೆ.”

ಯಜಮಾನರು ಮಧ್ಯಾಹ್ನ ಊಟಕ್ಕೆ ಬಂದರು. ಒಳ್ಳೆಯ ಮನುಷ್ಯ, ಹಕ್ಕಿಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು. ಆದರೆ ಗಾಜಿನ ಹೊರಮೈಗೆ ಏನಾದರೂ ಗುರುತು ಹಾಕಬೇಕಾಗುತ್ತದೆ ಅಂದಾಗ ಅನ್ನ ಕಲಸುತ್ತಿದ್ದ ಕೈ ನಿಂತಿತು.

“ಮೇಡಂ, ಗುರುತು ಅಂದ್ರೆ ಹೆಂಗೆ? ಮನಿಗೆ ಬಂದೋರೆಲ್ಲ ಮೊದ್ಲು ಇದನ್ನೇ ನೋಡ್ತಾರೆ. ಇದರ ಮ್ಯಾಲೆ ಚುಕ್ಕಿ ಗೀಟು ಹಾಕಿದ್ರೆ ಬಚ್ಚಲುಮನಿ ಗಾಜಿನಂಗೆ ಕಾಣಂಗಿಲ್ವಾ? ಸರಳು ಬ್ಯಾಡ ಅಂದೋರು ನೀವೇ.”

“ನಾನೇ ಅಂದಿದ್ದು. ತಪ್ಪು ನಂದೇ.”

“ತಪ್ಪು ಅನ್ನಂಗಿಲ್ರಿ. ಹಕ್ಕಿ ಅಂದ್ಮೇಲೆ ಅಲ್ಲಿ ಇಲ್ಲಿ ಬಡ್ಕಂತಾವೆ.”

“ಈ ಮನಿ ಕಟ್ಟೋಕೆ ಮುಂಚೆ ಇಲ್ಲಿ ಅವು ಯಾವುದಕ್ಕೆ ಬಡ್ಕಂತಿದ್ವಪ್ಪಾ?” ಅಂತ ಅಜ್ಜಿ ಒಳಗಿನಿಂದ ಕೇಳಿದರು. ಜೋರು ಮಾಡಿ ಕೇಳಿದ್ದಲ್ಲ, ನಿಜಕ್ಕೂ ತಿಳಿದುಕೊಳ್ಳಲಿಕ್ಕೆ ಕೇಳಿದ ಹಾಗಿತ್ತು. ಮಗ ಮಜ್ಜಿಗೆ ಹಾಕಿಸಿಕೊಂಡು ಉಂಡು, ಕೈತೊಳೆದು ಬಂದು, “ಏನ್ ಮಾಡ್ತೀರೋ ಮಾಡ್ರಿ, ಆದ್ರೆ ನೋಡಾಕೆ ಚೆನ್ನಾಗಿರ್ಬೇಕು,” ಅಂದರು.

ತಕ್ಷಣಕ್ಕೆ ಉಪಾಯ ಹುಡುಕಿದವಳು ಕೆಲಸದಾಕೆ. ಅವಳ ತವರಿನವರು ಹೊಳೆಯಲ್ಲಿ ಮೀನು ಹಿಡಿಯುವವರು. ಸಂಜೆಯೊಳಗೆ ಒಂದು ಹಳೆಯ ಬಲೆ ತರಿಸಿದಳು. ಸೂರಿನಿಂದ ಗಾಜಿಗೆ ಮೊಳ ದೂರದಲ್ಲಿ ಅದನ್ನು ಇಳಿಬಿಟ್ಟೆವು. ನನ್ನ ಐದು ತಿಂಗಳ ಕೆಲಸ ಮೀನಿನ ವಾಸನೆಯ ಬಲೆ ಹೊದ್ದುಕೊಂಡು ನಿಂತಿತು. ಮಾರನೆಯ ದಿನ ಒಂದು ಪಿಕಳಾರ ಬಂದು ಬಲೆಗೆ ಬಿದ್ದು, ಉಯ್ಯಾಲೆಯಾಡಿ, ಹಾರಿಹೋಯಿತೆಂದು ಫೋನು ಮಾಡಿ ಹೇಳಿದಳು. ಅವಳ ದನಿಯಲ್ಲಿ ನಗುವಿತ್ತು.

ಬಲೆಯನ್ನೇ ಶಾಶ್ವತ ಮಾಡುವಂತಿರಲಿಲ್ಲ. ನಾನು ಮೊದಲು ಮಾಡಿದ್ದು ಮತ್ತೊಂದು ದಡ್ಡ ಕೆಲಸ. ರೆಕ್ಕೆ ಹರಡಿದ ಮೂರು ಗಿಡುಗಗಳನ್ನು ಕಪ್ಪು ಹಾಳೆಯಲ್ಲಿ ಕತ್ತರಿಸಿ, ಬಲೆ ಸರಿಸಿ, ಹೊರಗಿನಿಂದ ಅಂಟಿಸಿದೆ. ಹಕ್ಕಿಗಳು ಹೆದರುತ್ತವೆ ಎಂದು ಎಲ್ಲೋ ಕೇಳಿದ್ದೆ. ನೋಡಲಿಕ್ಕೂ ಚೆನ್ನಾಗಿತ್ತು, ಯಜಮಾನರೂ ಒಪ್ಪಿದರು. ಎರಡನೆಯ ದಿನ ಗಿಡುಗದ ರೆಕ್ಕೆಯ ಪಕ್ಕದಲ್ಲೇ ಒಂದು ಸೂರಕ್ಕಿ ಬಡಿದು ಸತ್ತಿತು. ಮತ್ತೆ ಬಲೆ ಇಳಿಯಿತು.

ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟರೊಬ್ಬರಿದ್ದರು. ನನ್ನನ್ನು ಭಾಷಣಕ್ಕೆ ಕರೆದವರಲ್ಲಿ ಅವರೂ ಒಬ್ಬರು. ಅವರಿಗೆ ಫೋನು ಮಾಡಲು ನಾಚಿಕೆಯಾಗಿ ಎರಡು ದಿನ ಮುಂದೂಡಿದೆ. ಅವರು ಬೈಯಲಿಲ್ಲ. “ಗಿಡುಗದ ಚಿತ್ರ ಅವಕ್ಕೆ ಗಿಡುಗ ಅಲ್ಲ ಮೇಡಂ. ದಾರಿಯಲ್ಲಿರೋ ಒಂದು ಅಡ್ಡಿ ಅಷ್ಟೇ. ಅದನ್ನು ತಪ್ಪಿಸಿ ಪಕ್ಕದ ಸಂದಿಯಲ್ಲಿ ನುಗ್ತವೆ,” ಅಂದರು. “ಸಂದೇ ಇಲ್ಲ ಅನ್ನಿಸಬೇಕು. ಗಾಜಿನ ತುಂಬ ಗುರುತು ಇರಬೇಕು, ಒಂದಕ್ಕೂ ಒಂದಕ್ಕೂ ನಡುವೆ ಎರಡು ಅಂಗುಲಕ್ಕಿಂತ ಹೆಚ್ಚು ಬಿಡಬಾರದು. ಅದೂ ಹೊರಮೈಗೇ.” ಮತ್ತೆ ಹೇಳಿದರು: “ಎಷ್ಟೋ ಮನೆಗಳಲ್ಲಿ ಹೀಗೆ ಆಗ್ತಿರುತ್ತೆ. ಎತ್ತಿ ಹಾಕೋರು ಯಾರೂ ಹೇಳೋದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗೋದಿಲ್ಲ.”

ಸಂಕ್ರಾಂತಿ ಕಳೆದ ಮೇಲೆ ಹತ್ತಿ ನಿಲ್ಲಲು ಬಿದಿರಿನ ಸಾರ್ವೆ ಕಟ್ಟಿಸಿ ಕೆಲಸ ಶುರುಮಾಡಿದೆ. ಸಣ್ಣ ತೂತುಗಳಿರುವ ಅಂಟುಹಾಳೆಯನ್ನು ಗಾಜಿಗೆ ಅಂಟಿಸುವುದು, ಗಾಜು ತಿನ್ನುವ ಆ್ಯಸಿಡ್ ಪೇಸ್ಟನ್ನು ಕೈಗವಸು ಹಾಕಿಕೊಂಡು ತೂತಿಗೆ ಸವರುವುದು, ಹೊತ್ತು ನೋಡಿ ತೊಳೆಯುವುದು. ತೊಳೆದಲ್ಲಿ ಕಡಲೆಕಾಳಿನಷ್ಟು ಬಿಳಿ ಚುಕ್ಕಿ ಉಳಿಯುತ್ತದೆ, ಎಂದೆಂದಿಗೂ ಅಳಿಸಿಹೋಗದ ಚುಕ್ಕಿ. ಮೊದಲ ಸಾಲನ್ನು ಮಾಡಿ ಒಳಗೆ ಹೋಗಿ ನೋಡಿದೆ. ಚುಕ್ಕಿಗಳು ಮಿಂಚುಳ್ಳಿಯ ತಲೆಯ ಮೇಲೆ, ನೀರುನಾಯಿಯ ಮೂತಿಯ ಮೇಲೆ ಹಾದುಹೋಗಿದ್ದವು. ನಾನು ದಿನಗಟ್ಟಲೆ ಒಂದೊಂದೇ ರೋಮ ಎಳೆದ ಮೂತಿ. ಸಾರ್ವೆಗೆ ಮರಳಿ ಹತ್ತಿ ಎರಡನೆಯ ಸಾಲಿಗೆ ಹಾಳೆ ಅಂಟಿಸಿದೆ.

ಮೇಲೆ ನಿಂತು ಪೇಸ್ಟು ಸವರುತ್ತಿರುವಾಗ ಅಪ್ಪ ನೆನಪಾದರು. ಯಾರದಾದರೂ ಮನೆಗೆ, ಅಂಗಡಿಗೆ ದೊಡ್ಡ ಗಾಜು ಕೂರಿಸಿದ ಮೇಲೆ ಅವರು ಬೆರಳನ್ನು ಸುಣ್ಣದಲ್ಲಿ ಅದ್ದಿ ಅದರ ಮೇಲೆ ಎರಡು ಅಡ್ಡಗೀಟು ಎಳೆದೇ ಬರುತ್ತಿದ್ದರು. ಗಾಜಿದೆಯೆಂದು ತಿಳಿಯದೆ ಯಾರಾದರೂ ಹೋಗಿ ಮುಖ ಗುದ್ದಿಕೊಂಡಾರು ಎಂದು. ಚಿಕ್ಕವಳಾಗಿದ್ದ ನನಗೆ ಅದು ಸಿಟ್ಟು ತರಿಸುತ್ತಿತ್ತು. ಅಷ್ಟು ಚೆಂದದ ಗಾಜನ್ನು ಹೊಲಸು ಮಾಡುತ್ತಾರಲ್ಲ ಎಂದು. ಮನುಷ್ಯರಾದರೆ ನಾಲ್ಕು ದಿನದಲ್ಲಿ ಕಲಿಯುತ್ತಾರೆ, ಗೀಟು ಒರೆಸಿಬಿಡುತ್ತಾರೆ. ನವರಂಗ ಎಲ್ಲಿಂದಲೋ ಬಂದು ಒಂದು ರಾತ್ರಿ ತಂಗಿ ಮುಂದೆ ಹೋಗುವ ಹಕ್ಕಿ. ಅದಕ್ಕೆ ಕಲಿಯಲು ಎರಡನೆಯ ಸಲ ಎಂಬುದೇ ಇಲ್ಲ.

ಮೂರನೆಯ ದಿನ ಕೆಲಸದಾಕೆ ಕೆಳಗೆ ನಿಂತು ನೋಡಿ, “ಅಕ್ಕಾರೆ, ಎಡಗಡೆ ಸಾಲು ಇಳಿದೈತೆ,” ಅಂದಳು. ನಾನು ಸ್ಕೇಲು ಹಿಡಿದು ನೋಡಿದರೆ ಹೌದು, ಕಾಲು ಅಂಗುಲ ಇಳಿದಿತ್ತು.

“ಹೆಂಗೆ ಗೊತ್ತಾತು ನಿಂಗೆ?”

“ದಿನಾ ಬಾಗ್ಲಿಗೆ ಚುಕ್ಕಿ ಇಡ್ತೀನಲ್ರಿ. ಕಣ್ಣಿಗೆ ತಿಳೀತೈತೆ.”

ಆಮೇಲೆ ಮನೆಗೆಲಸ ಮುಗಿಸಿ ಅವಳೂ ಸಾರ್ವೆ ಹತ್ತಲು ಶುರುಮಾಡಿದಳು. ಸೀರೆಯ ಸೆರಗು ಸಿಕ್ಕಿಸಿ, ಹಾಳೆ ಅಂಟಿಸುವುದನ್ನು ತಾನೇ ವಹಿಸಿಕೊಂಡಳು. ನಾನು ನೂಲು ಹಿಡಿದು ಅಳೆಯುವುದನ್ನು ಬಿಟ್ಟೆ. ಕೆಲಸದ ನಡುವೆ ಅವಳು ಹೂತಿದ್ದ ಹಕ್ಕಿಗಳ ಮಾತು ತೆಗೆಯುತ್ತಿದ್ದಳು. ಹೆಸರು ಗೊತ್ತಿರಲಿಲ್ಲ, ಆದರೆ ಒಂದೊಂದೂ ನೆನಪಿತ್ತು. ಒಂದರ ಕಾಲು ಕೆಂಪು, ಇನ್ನೊಂದರ ಕಣ್ಣಿನ ಸುತ್ತ ಬಿಳಿ ಉಂಗುರ, ಮತ್ತೊಂದರ ಬಾಯಲ್ಲಿ ಇನ್ನೂ ಹುಳ ಇತ್ತು. ನಾನು ಹಕ್ಕಿ ಮಾಡುತ್ತಿದ್ದುದು ಫೋಟೊ ನೋಡಿ. ಇವಳು ಅವನ್ನು ಅಂಗೈಯಲ್ಲಿ ಹಿಡಿದು ನೋಡಿದ್ದಳು.

ಹನ್ನೊಂದು ದಿನಕ್ಕೆ ಮುಗಿಯಿತು. ಬಲೆ ಬಿಚ್ಚಿದೆವು. ಒಳಗೆ ನಿಂತು ನೋಡಿದರೆ ಹೊಳೆ ಇತ್ತು, ಆದರೆ ಸಣ್ಣಗೆ ತುಂತುರು ಬೀಳುವಾಗಿನ ಹೊಳೆಯ ಹಾಗೆ. ನನ್ನ ಚಿತ್ರ ಮಾತ್ರ ಹಾಳಾಗಿತ್ತು, ಅದರಲ್ಲಿ ಸುಳ್ಳು ಹೇಳುವಂಥದ್ದೇನಿಲ್ಲ. ದೂರದಿಂದ ಜೊಂಡು ಯಾವುದು ಚುಕ್ಕಿ ಯಾವುದು ತಿಳಿಯುತ್ತಿರಲಿಲ್ಲ. ಯಜಮಾನರು ಹತ್ತಿರ ಬಂದು ನೋಡಿ, “ಹೂಂ, ರೂಢಿ ಆಗ್ತೈತೆ ಬಿಡ್ರಿ,” ಅಂದರು. ಕೆಲವು ತಿಂಗಳು ನೆಂಟರು ಬಂದಾಗ ಪರದೆ ಎಳೆದಿಡುತ್ತಿದ್ದರಂತೆ. ಆಮೇಲೆ ಹಕ್ಕಿಗಳ ಕತೆಯನ್ನು ತಾವೇ ಹೇಳಲು ಶುರುಮಾಡಿದರಂತೆ. ಬಂದವರು ಈಗ ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ ಎಂದು ಅಜ್ಜಿ ಹೇಳಿದರು.

ಹಕ್ಕಿ ಬಡಿಯುವುದು ಪೂರ್ತಿ ನಿಂತಿತೆಂದಲ್ಲ. ಆ ಬೇಸಿಗೆ ಮುಗಿಯುವುದರೊಳಗೆ ಎರಡು ಸತ್ತವು. ಮುಂದಿನ ಚಳಿಗಾಲದಲ್ಲಿ ಒಂದು. ಪ್ರತಿ ಸಲವೂ ನನಗೆ ಫೋನು ಬರುತ್ತಿತ್ತು. ಈಗ ಅವಳು ಮುಚ್ಚಿಡುತ್ತಿರಲಿಲ್ಲ, ಮೊದಲು ಅಜ್ಜಿಗೆ ಹೇಳಿ ಆಮೇಲೆ ಹೂಳುತ್ತಿದ್ದಳು.

ನನ್ನ ಕೆಲಸವೂ ಬದಲಾಯಿತು. ಯಾರಾದರೂ ಗಾಜು ಕೇಳಿದರೆ, ಕಿಟಕಿ ಯಾವ ಕಡೆಗಿದೆ, ಹೊರಗೆ ಮರ ಇದೆಯಾ ಎಂದು ಮೊದಲು ಕೇಳುತ್ತೇನೆ. ಹೋಗಿ ಹೊರಗಿನಿಂದ ನೋಡಿ ಬರುತ್ತೇನೆ. ಊರಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಕಟ್ಟಡದವರು ಮುಂಭಾಗವೆಲ್ಲ ನುಣುಪು ಗಾಜೇ ಬೇಕು ಅಂದರು. ಚುಕ್ಕಿಯಿಲ್ಲದೆ ಮಾಡುವುದಿಲ್ಲ ಅಂದೆ. “ಹಕ್ಕಿಗೋಸ್ಕರ ಬಿಲ್ಡಿಂಗ್ ಕಟ್ಟೋಕಾಗ್ತದೇನ್ರಿ?” ಅಂತ ನಕ್ಕು ಬೇರೆಯವರ ಹತ್ತಿರ ಮಾಡಿಸಿಕೊಂಡರು. ಆ ರಸ್ತೆಯಲ್ಲಿ ಹೋಗುವಾಗ ನಾನು ಕಟ್ಟಡದ ಬುಡವನ್ನು ನೋಡುತ್ತೇನೆ. ಅಲ್ಲಿ ಕಸ ಗುಡಿಸುವವರು ಬೆಳಗಾಗುವಷ್ಟರಲ್ಲೇ ಗುಡಿಸಿರುತ್ತಾರೆ. ಭಾಷಣಕ್ಕೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ. ಹೋದರೂ ಪ್ರೀತಿಯ ಮಾತಿನ ಬದಲು ಎರಡು ಅಂಗುಲದ ಮಾತು ಹೇಳುತ್ತೇನೆ. ಚಪ್ಪಾಳೆ ಕಡಿಮೆ, ಪ್ರಶ್ನೆ ಹೆಚ್ಚು.

ಕಳೆದ ವರ್ಷ ದಾವಣಗೆರೆಯಲ್ಲಿ ನನ್ನ ಕೆಲಸಗಳ ಒಂದು ಪ್ರದರ್ಶನವಾಯಿತು. ಈ ಸಲ ದೊಡ್ಡದೇನೂ ಇಟ್ಟಿರಲಿಲ್ಲ. ಆ ಹೆಂಗಸು ಸಾರ್ವೆಯ ಮೇಲೆ ಹೇಳಿದ್ದ ಹಕ್ಕಿಗಳನ್ನೆಲ್ಲ, ಇದ್ದ ಅಳತೆಗೇ, ಗಾಜಿನಲ್ಲಿ ಮಾಡಿ ಒಂದು ಉದ್ದ ಮೇಜಿನ ಮೇಲೆ ಮಲಗಿಸಿದ್ದೆ. ಅವಳನ್ನೂ ಅಜ್ಜಿಯನ್ನೂ ಕರೆದಿದ್ದೆ. ಅಜ್ಜಿಗೆ ಮಂಡಿನೋವು, ಬರಲಾಗಲಿಲ್ಲ. ಅವಳು ಬಸ್ಸಿನಲ್ಲಿ ಒಬ್ಬಳೇ ಬಂದಳು, ಜರಿಯಂಚಿನ ಸೀರೆ ಉಟ್ಟು. ಮೇಜಿನ ಉದ್ದಕ್ಕೂ ನಿಧಾನವಾಗಿ ನಡೆದಳು. ಒಂದರ ಹತ್ತಿರ ನಿಂತು, “ಇದರ ಕಾಲು ಇಷ್ಟು ದಪ್ಪ ಇರ್ಲಿಲ್ರಿ,” ಅಂದಳು. ಇನ್ನೊಂದನ್ನು ನೋಡಿ ಹೌದು ಹೌದು ಎಂದು ತಲೆಯಾಡಿಸಿದಳು. ಮುಟ್ಟಬಹುದಾ ಎಂದು ಕಣ್ಣಲ್ಲೇ ಕೇಳಿದಳು. ನಾನು ಸೂರಕ್ಕಿಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟೆ.

ಅವಳು ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿದಳು.

“ಭಾಳ ಚೆನ್ನಾಗೈತೆ ಅಕ್ಕಾರೆ,” ಅಂದಳು. “ಆದ್ರೆ ಭಾರ ಆತು. ಅದಕ್ಕೆ ಭಾರಾನೇ ಇರ್ಲಿಲ್ಲ. ಕೈಯಾಗೆ ಏನೂ ಇಲ್ಲ ಅನ್ನಂಗಿತ್ತು.”

ನಾನು ಅದನ್ನು ವಾಪಸು ತೆಗೆದುಕೊಂಡು ಮೇಜಿನ ಮೇಲಿಟ್ಟೆ. ಆಮೇಲೆ ಇಬ್ಬರೂ ಹೊರಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಹರಿಹರದ ಬಸ್ಸು ಬರುವವರೆಗೂ ಅವಳು ಈ ವರ್ಷ ಅತ್ತಿಮರಕ್ಕೆ ಬಂದಿರುವ ಹೊಸ ಹಕ್ಕಿಯೊಂದರ ವಿಚಾರ ಹೇಳುತ್ತಿದ್ದಳು. ಹಸಿರು ಮೈ, ಹಳದಿ ಕಾಲು, ಗುಂಪಿನಲ್ಲೇ ಬರುತ್ತವಂತೆ. ಹೆಸರು ನನಗೆ ಗೊತ್ತಿತ್ತು. ಆದರೂ ಅವಳು ಹೇಳಿ ಮುಗಿಸುವವರೆಗೆ ನಾನು ಬಾಯಿ ಹಾಕಲಿಲ್ಲ.